ಗುರುತು ತೋರಿಸಲು ಬಂದವಳು

ಹೋದ ತಿಂಗಳು ನಾದಿನಿಯ ಮಗಳ ಮದುವೆಗೆಂದು ಹಾಸನದಿಂದ ಅರಕಲಗೂಡಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಊರು ಇನ್ನೇನು ಬಂತು ಅನ್ನುವಷ್ಟರಲ್ಲಿ, ಶುಂಠಿ ತೊಳೆಯುವ ಜಾಗದಿಂದ ಲಾರಿಯೊಂದು ಹಿಂದಕ್ಕೆ ಬರುತ್ತಿತ್ತೆಂದು ಬಸ್ಸು ನಿಂತಿತು. ಆಳುಗಳು ದಪ್ಪ ಪೈಪು ಹಿಡಿದು ಶುಂಠಿ ರಾಶಿಗೆ ನೀರು ಹೊಡೆಯುತ್ತಿದ್ದರು. ಕೆಂಪು ನೀರು ಚರಂಡಿ ತುಂಬಿ ರಸ್ತೆಗೆ ಹರಿದಿತ್ತು. ಕಿಟಕಿಯಿಂದ ವಾಸನೆ ಒಳಗೆ ಬಂತು. ಅಡುಗೆಮನೆಯಲ್ಲಿ ಜಜ್ಜಿದಾಗ ಬರುವ ಶುಂಠಿಯ ವಾಸನೆಯಲ್ಲ ಅದು. ಹಸಿಮಣ್ಣು, ಒದ್ದೆ ಗೋಣಿಚೀಲ, ಖಾರ ಎಲ್ಲ ಬೆರೆತದ್ದು. ಪಕ್ಕದಲ್ಲಿ ಕೂತಿದ್ದವರು ಮೂಗಿಗೆ ಸೆರಗು ಹಿಡಿದರು. ನನಗೆ ಮಾತ್ರ ಆ ವಾಸನೆಗೆ ಹೊಟ್ಟೆ ಹಸಿದಂತಾಯಿತು, ಅದರ ಹಿಂದೆಯೇ ಮೈಯೆಲ್ಲ ಸೋತಂತಾಯಿತು. ಸವಿತಳ ಜೊತೆ ಮಹಾರಾಷ್ಟ್ರಕ್ಕೆ ಹೋಗಿಬಂದ ವರ್ಷ ನೆನಪಾಯಿತು.

ಆಗ ನಾನು ಅರಕಲಗೂಡು ಕಡೆಯ ಒಂದು ಠಾಣೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ಆಗಿದ್ದೆ. ಹಳ್ಳಿಯವರು ಈಗಲೂ ದಫೇದಾರ್ ಎಂದೇ ಕರೆಯುತ್ತಾರೆ. ಮನೆ ಹೊಳೆನರಸೀಪುರದಲ್ಲಿ. ಬೆಳಿಗ್ಗೆ ಅತ್ತೆಗೆ ತಿಂಡಿ ಮಾಡಿಟ್ಟು, ಯಜಮಾನರ ಡಬ್ಬಿ ಕಟ್ಟಿ, ಮಂಡಿಗೆ ಎಣ್ಣೆ ಸವರಿಕೊಂಡು ಬಸ್ಸು ಹಿಡಿಯುತ್ತಿದ್ದೆ. ಮಂಡಿ ನೋವಿನವಳು ರಾತ್ರಿ ಗಸ್ತಿಗೆ ಬೇಡ ಎಂದು ಸಬ್‌ಇನ್‌ಸ್ಪೆಕ್ಟರು ನನಗೆ ವಾರಂಟುಗಳ ಕೆಲಸ ಕೊಟ್ಟಿದ್ದರು. ಕೂತು ಮಾಡುವ ಕೆಲಸ ಎಂದುಕೊಂಡಿದ್ದರೋ ಏನೋ. ಕೋರ್ಟಿನಿಂದ ಬಂದ ವಾರಂಟ್ ಹಿಡಿದು ಊರೂರು ತಿರುಗಿ, ಆಸಾಮಿ ಸಿಕ್ಕರೆ ಕರೆತರಬೇಕು, ಸಿಗದಿದ್ದರೆ ಸಿಗಲಿಲ್ಲ ಎಂದು ಬರೆದು ವಾಪಸ್ ಕಳಿಸಬೇಕು. ಕಳ್ಳರ ವಾರಂಟ್ ಎಷ್ಟೋ ಸಲೀಸು. ಕಳ್ಳನನ್ನು ಊರಿನವರೇ ತೋರಿಸುತ್ತಾರೆ. ಜೀವನಾಂಶದ ವಾರಂಟ್ ಹಾಗಲ್ಲ. ಹೆಂಡತಿ ಮಕ್ಕಳಿಗೆ ತಿಂಗಳಿಗಿಷ್ಟು ಕೊಡು ಎಂದು ಕೋರ್ಟು ಹೇಳಿದ ಮೇಲೂ ಕೊಡದೆ ತಲೆ ತಪ್ಪಿಸಿಕೊಂಡವನನ್ನು ಇಡೀ ಊರು ಸೇರಿ ಬಚ್ಚಿಡುತ್ತದೆ. ಅವನ ಅವ್ವ ಕಾಫಿ ಕೊಡುತ್ತಾಳೆ, ಅಣ್ಣ ಚಾಪೆ ಹಾಸುತ್ತಾನೆ, ಅವನು ಎಲ್ಲಿದ್ದಾನೆ ಅನ್ನುವುದು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ.

ಸವಿತ ಮೊದಲ ಸಲ ಠಾಣೆಗೆ ಬಂದಾಗ ದೀಪಾವಳಿ ಕಳೆದಿತ್ತು. ಮೂವತ್ತು ದಾಟಿದ, ಎಣ್ಣೆಗಪ್ಪು ಬಣ್ಣದ, ಸಣಕಲು ಹೆಂಗಸು. ಮುಂಗೈ ತುಂಬ ಸುಟ್ಟ ಕಲೆಗಳು. ಹಿರೀಸಾವೆಯ ಹೆದ್ದಾರಿ ಹೋಟೆಲೊಂದರ ಅಡುಗೆಮನೆಯಲ್ಲಿ ಚಪಾತಿ ಬೇಯಿಸುವ ಕೆಲಸ. ಗಂಡ ಯೋಗೇಶ ನಮ್ಮ ಠಾಣೆಯ ಸರಹದ್ದಿನ ಹಳ್ಳಿಯವನು. ಕೇರಳದಿಂದ ಬಂದು ಇಲ್ಲಿ ಜಮೀನು ಗುತ್ತಿಗೆ ಹಿಡಿದು ಶುಂಠಿ ಹಾಕುವ ಸಾಹುಕಾರರ ಹತ್ತಿರ ಮೇಸ್ತ್ರಿಯಾಗಿದ್ದ. ಇಲ್ಲಿನ ಭೂಮಿಯಲ್ಲಿ ಶುಂಠಿಗೆ ರೋಗ ಜಾಸ್ತಿಯಾದ ಮೇಲೆ ಆ ಸಾಹುಕಾರರು ಬೇರೆ ರಾಜ್ಯಕ್ಕೆ ಹೋದರು. ಅವರ ಹಿಂದೆ ಇವನೂ ಹೋದ. ಮೊದಲು ಫೋನ್ ಬರುತ್ತಿತ್ತು, ಆಮೇಲೆ ಅದೂ ನಿಂತಿತು. ಹರದನಹಳ್ಳಿ ಹತ್ತಿರದ ತವರಿಗೆ ಬಂದ ಸವಿತ ಹೊಳೆನರಸೀಪುರದ ಕೋರ್ಟಿನಲ್ಲಿ ಕೇಸು ಹಾಕಿ ಗೆದ್ದಳು. ಗೆದ್ದಿದ್ದಷ್ಟೇ. ಒಂದು ತಿಂಗಳದ್ದೂ ಕೈಗೆ ಬಂದಿರಲಿಲ್ಲ.

ಮಗಳು ಸಿಂಚನ ಐದನೇ ಕ್ಲಾಸು. ಅವಳು ತವರಲ್ಲೇ, ಸವಿತಳ ಅಣ್ಣನ ಮನೆಯಲ್ಲಿದ್ದಳು. ಹೋಟೆಲಿನಲ್ಲಿ ಸವಿತ ಮಲಗುವುದು ಹಿಟ್ಟಿನ ಮೂಟೆಗಳ ಕೋಣೆಯಲ್ಲಿ, ಇನ್ನೂ ಮೂವರು ಹೆಂಗಸರ ಜೊತೆ. ಅಲ್ಲಿ ಮಗುವನ್ನು ಇಟ್ಟುಕೊಳ್ಳುವ ಹಾಗಿರಲಿಲ್ಲ. ಅತ್ತಿಗೆ ಕೆಟ್ಟವಳೇನಲ್ಲ ಎಂದು ಸವಿತಳೇ ಹೇಳುತ್ತಿದ್ದಳು. ಆದರೆ ಅತ್ತಿಗೆಗೂ ಮೂರು ಮಕ್ಕಳು. ಸ್ಕೂಲಿಂದ ಬಂದ ತಕ್ಷಣ ತನ್ನ ಮಕ್ಕಳು ಪುಸ್ತಕ ತೆಗೆದರೆ ಇವಳನ್ನು ಹಸುವಿಗೆ ಹುಲ್ಲು ತರಲು ಕಳಿಸುತ್ತಿದ್ದಳು. ಸವಿತ ತಿಂಗಳಿಗೊಮ್ಮೆ ಹೋದಾಗ ಹುಡುಗಿ ಏನೂ ದೂರುತ್ತಿರಲಿಲ್ಲವಂತೆ. ಅದೇ ಇವಳಿಗೆ ಸಂಕಟ.

‘ಒಂದ್ ರೂಮ್ ಮಾಡ್ಕಂಡು ಮಗೀನ ಕರ್ಕಂಡ್ ಬಂದ್ಬುಡ್ತೀನಿ ಮೇಡಂ. ಬೇರೇನೂ ಬ್ಯಾಡ ನಂಗೆ. ಅವ್ರು ಬಂದು ಬಾಳ್ವೆ ಮಾಡ್ಲಿ ಅಂತ ಕೇಳ್ತಿಲ್ಲ’ ಎಂದಳು. ಹೋಟೆಲ್ ಸಂಬಳ ಊಟಕ್ಕೆ ಬಟ್ಟೆಗೆ ಸರಿ, ರೂಮಿನ ಬಾಡಿಗೆಗೆ ಈ ಜೀವನಾಂಶ ಎಂದು ಲೆಕ್ಕ ಹಾಕಿಕೊಂಡಿದ್ದಳು.

ಎರಡು ಸಲ ನಾನು ಯೋಗೇಶನ ಊರಿಗೆ ಹೋಗಿಬಂದೆ. ಅವನ ಅಣ್ಣ ಜೋಳ ಬಿಡಿಸುತ್ತ ಕೂತಿದ್ದವನು ಎದ್ದು ಪಂಚೆ ಕೊಡವಿಕೊಂಡು, ತಮ್ಮ ಬದುಕಿದ್ದಾನೋ ಇಲ್ಲವೋ ಅದೂ ಗೊತ್ತಿಲ್ಲ ಎಂದ. ಅವನ ಅವ್ವ ಅದಕ್ಕೆ ಕಣ್ಣೊರೆಸಿಕೊಂಡಳು. ಮನೆಯ ಪಕ್ಕ ಹೊಸದಾಗಿ ಸಿಮೆಂಟಿನ ಜಗುಲಿ ಆಗಿತ್ತು. ಯಾರ ದುಡಿಮೆ ಎಂದು ನಾನು ಕೇಳಲಿಲ್ಲ. ಮಾಮೂಲಿನಂತೆ ಸದರಿ ವಿಳಾಸದಲ್ಲಿ ವಾಸವಿಲ್ಲ ಎಂದು ಬರೆದು ಕಳಿಸಿದೆ. ಕೋರ್ಟಿನವರು ಮತ್ತೆ ವಾರಂಟ್ ಕಳಿಸಿದರು. ಪ್ರತಿ ಸಲವೂ ಸವಿತ ಹಿರೀಸಾವೆಯಿಂದ ಚನ್ನರಾಯಪಟ್ಟಣ, ಅಲ್ಲಿಂದ ಹೊಳೆನರಸೀಪುರ, ಅಲ್ಲಿಂದ ನಮ್ಮ ಠಾಣೆ ಎಂದು ಮೂರು ಬಸ್ಸು ಹತ್ತಿ ಇಳಿದು ಬಂದು ಬೆಂಚಿನ ತುದಿಯಲ್ಲಿ ಕೂರುತ್ತಿದ್ದಳು. ಬರುವಾಗ ನನಗೆಂದು ಹೋಟೆಲಿನ ನಿಪ್ಪಟ್ಟು ತರುತ್ತಿದ್ದಳು. ಬೇಡವೆಂದರೆ ನೊಂದುಕೊಳ್ಳುತ್ತಾಳೆ, ಅದಕ್ಕೆ ತಗೊಂಡು ಠಾಣೆಯವರಿಗೆಲ್ಲ ಹಂಚಿಬಿಡುತ್ತಿದ್ದೆ.

ಅವನ ಜಾಡು ಹಿಡಿದವಳು ಅವಳೇ. ಸಂಕ್ರಾಂತಿಯ ಹೊತ್ತಿಗೆ ಹೋಟೆಲಿಗೆ ಊಟಕ್ಕೆ ಬಂದ ಲಾರಿ ಡ್ರೈವರೊಬ್ಬ ಅವಳ ಗಂಡನ ಊರಿನವನೇ ಆಗಿದ್ದ. ಕೈ ತೊಳೆಯಲು ಹಿಂದಕ್ಕೆ ಬಂದವನು ಇವಳನ್ನು ಕಂಡು, ಅಯ್ಯೋ ನೀನು ಇಲ್ಲಿದ್ದೀಯಾ, ಯೋಗೇಶನನ್ನು ಹೋದ ವಾರವಷ್ಟೇ ಸಾತಾರದ ಕಡೆ ನೋಡಿದೆನಲ್ಲ ಎಂದ. ಕಬ್ಬಿನ ಲಾರಿ ತೂಗುವ ವೇಬ್ರಿಡ್ಜ್, ಅದರ ಹಿಂದೆ ಶುಂಠಿ ಹೊಲ, ನೀಲಿ ಟಾರ್ಪಾಲಿನ ಶೆಡ್ಡು. ಹತ್ತಿರದ ಊರಿನ ಹೆಸರನ್ನೂ ಹೇಳಿದ. ಮಾರನೇ ದಿನ ಬೆಳಿಗ್ಗೆ ಸವಿತ ಠಾಣೆಯ ಮುಂದೆ ನಿಂತಿದ್ದಳು.

ಬೇರೆ ರಾಜ್ಯಕ್ಕೆ ಹೋಗಿ ಒಬ್ಬನನ್ನು ಹಿಡಿದು ತರುವುದೆಂದರೆ ಸಿನಿಮಾದಲ್ಲಿ ತೋರಿಸುವ ಹಾಗಲ್ಲ. ಹಾಸನದ ಆಫೀಸಿಂದ ಅಪ್ಪಣೆಯಾಗಬೇಕು. ಅಲ್ಲಿಗೆ ಹೋದ ಮೇಲೆ ಆ ಊರಿನ ಪೊಲೀಸರಿಗೆ ಹೇಳಿ, ಅವರಲ್ಲೊಬ್ಬರನ್ನು ಜೊತೆಗಿಟ್ಟುಕೊಂಡು ಹಿಡಿಯಬೇಕು. ಹಿಡಿದ ಮೇಲೆ ಅಲ್ಲಿನ ನ್ಯಾಯಾಧೀಶರ ಮುಂದೆ ನಿಲ್ಲಿಸಿ, ಕರೆದುಕೊಂಡು ಹೋಗುತ್ತೇವೆಂದು ಕೇಳಿ ಅಪ್ಪಣೆ ಪಡೆಯಬೇಕು. ಅಪ್ಪಣೆಗೆಂದು ನಾನು ಹಾಸನಕ್ಕೆ ಎಷ್ಟು ಸಲ ಹೋದೆನೋ. ಒಂದು ಜೀವನಾಂಶದ ಕೇಸಿಗೆ ಇಬ್ಬರು ಸಿಬ್ಬಂದಿಯನ್ನು ಅಷ್ಟು ದೂರ ಕಳಿಸಬೇಕಾ ಎಂದು ಅಲ್ಲಿನ ಗುಮಾಸ್ತರು ಕೇಳಿದರು. ಬೈದು ಕೇಳಿದ್ದಲ್ಲ, ನನ್ನ ಮಂಡಿ ನೋಡಿ ಕನಿಕರದಿಂದಲೇ ಕೇಳಿದ್ದು.

ನನ್ನ ಜೊತೆಗೆ ಹಾಕಿದ್ದು ಕಾನ್‌ಸ್ಟೆಬಲ್ ರಂಗಸ್ವಾಮಿಯನ್ನು. ನನಗಿಂತ ನಾಲ್ಕು ವರ್ಷ ದೊಡ್ಡವರು, ಸಕ್ಕರೆ ಕಾಯಿಲೆ, ಬಾಯಿಗೆ ಬಿಡುವಿಲ್ಲ. ಅವರ ಎರಡೆಕರೆಯನ್ನೂ ಹಿಂದೆ ಶುಂಠಿಯವರಿಗೆ ಗುತ್ತಿಗೆ ಕೊಟ್ಟಿದ್ದರು. ಅವರೇ ಅಂದದ್ದು: ‘ಈಗ್ಲೇ ಓಗ್ಬೇಕು ಮೇಡಂ. ಶುಂಠಿ ಕೀಳ ಟೈಮಲ್ಲಿ ಮೇಸ್ತ್ರಿಯಾದೋನು ಒಲ ಬುಟ್ಟು ಅತ್ತಾಗಿತ್ತಾಗೆ ಅಳ್ಳಾಡಲ್ಲ.’

ಸವಿತಳನ್ನು ಕರೆದುಕೊಂಡು ಹೋಗಲೇಬೇಕಿತ್ತು. ಇಂಥ ಕೇಸಿನಲ್ಲಿ ಅದೇ ಪದ್ಧತಿ. ಆಸಾಮಿಯ ಮುಖ ನಮಗೆ ಗೊತ್ತಿರುವುದಿಲ್ಲ, ಇರುವ ಫೋಟೋ ಮದುವೆಯದು. ಅದರಲ್ಲಿ ಬಾಸಿಂಗ, ಪೇಟ, ಅರಿಶಿನ ಹೋದರೆ ಉಳಿಯುವ ಮುಖ ಯಾವನದಾದರೂ ಇರಬಹುದು. ಹೆಸರು ಕೇಳಿದರೆ ನಾನಲ್ಲ ಅನ್ನುತ್ತಾರೆ. ಹಾಗಾಗಿ ಅರ್ಜಿ ಹಾಕಿದವಳೇ ಬಂದು ಇವನೇ ಎಂದು ತೋರಿಸಬೇಕು. ಹೋಟೆಲಿನ ಯಜಮಾನರು ಮೂರು ದಿನ ರಜೆ ಕೊಟ್ಟು, ನಾಲ್ಕನೇ ದಿನ ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದಿದ್ದರಂತೆ.

ಅರಸೀಕೆರೆಯಲ್ಲಿ ರೈಲು ಹತ್ತಿದೆವು. ನಾನು ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡಿದ್ದೆ, ಸವಿತ ಚಪಾತಿ ತಂದಿದ್ದಳು. ರಾತ್ರಿಗೆ ಅದೆಲ್ಲ ಖಾಲಿ. ಬೆಳಿಗ್ಗೆ ಇಳಿದಾಗ ಅಲ್ಲಿನ ಚಳಿಗೆ ನನ್ನ ಮಂಡಿ ಮಡಿಸಲು ಬರಲಿಲ್ಲ. ಸ್ಟೇಷನ್ ಹೊರಗೆ ಬನ್ನಿನೊಳಗೆ ಆಲೂಗಡ್ಡೆ ಇಟ್ಟ ಅವರ ತಿಂಡಿ ತಿಂದು, ಬಸ್ಸು ಹಿಡಿದು, ಆ ಊರಿನ ಠಾಣೆ ಮುಟ್ಟಿ, ರಂಗಸ್ವಾಮಿಯವರ ಹರಕು ಹಿಂದಿಯಲ್ಲಿ ವಿಷಯ ತಿಳಿಸಿ, ಒಬ್ಬ ಪೊಲೀಸಿನವರನ್ನು ಜೊತೆಗೆ ಹೊರಡಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ದಾರಿಯುದ್ದಕ್ಕೂ ಸವಿತಳಿಗೆ ನೀರು ಬೇಕಾ ಅಂದರೆ ಬೇಡ, ಟೀ ಅಂದರೆ ಬೇಡ.

ವೇಬ್ರಿಡ್ಜ್ ಸಿಕ್ಕಿತು. ಅದರ ಹಿಂದೆ ಡ್ರೈವರ್ ಹೇಳಿದ ಹಾಗೇ ನೀಲಿ ಟಾರ್ಪಾಲು. ಖಾಕಿ ಕಂಡರೆ ಆಳು ಕಬ್ಬಿನ ಗದ್ದೆಗೆ ನುಗ್ಗಿಬಿಟ್ಟರೆ ಮುಗಿಯಿತು. ಅದಕ್ಕೆ ಗಂಡಸರಿಬ್ಬರೂ ಟೀ ಅಂಗಡಿಯಲ್ಲಿ ಉಳಿದರು. ಸೀರೆಯಲ್ಲಿದ್ದ ನಾನು ಮತ್ತು ಸವಿತ ಮುಂದೆ ಹೋಗಿ, ಅವನು ಇದ್ದಾನೆಂದು ಗೊತ್ತಾದ ಕೂಡಲೇ ಫೋನ್ ಮಾಡುವುದೆಂದು ಮಾತಾಯಿತು. ಹೊಲದಲ್ಲಿ ಶುಂಠಿ ಅಗೆಯುತ್ತಿದ್ದರು. ಮಣ್ಣಿನ ಆ ಖಾರದ ವಾಸನೆ ಅರಕಲಗೂಡಿನದೇ. ಅಷ್ಟು ದೂರ ಬಂದು ಮತ್ತೆ ಮನೆಯ ಹಿಂದಿನ ಹೊಲಕ್ಕೇ ಬಂದಂತೆ ಕಂಡಿತು.

ಶೆಡ್ಡಿನ ಮುಂದೆ ಒಲೆಯಲ್ಲಿ ಒಬ್ಬಳು ಮುದ್ದೆ ತಿರುವುತ್ತಿದ್ದಳು. ಇಪ್ಪತ್ತೈದರ ಒಳಗಿನವಳು. ಪಕ್ಕದಲ್ಲಿ ಗೋಣಿಚೀಲದ ಮೇಲೆ ಕೂತ ಒಂದು ಕೂಸು ಚಮಚ ಬಡಿಯುತ್ತಿತ್ತು. ನಾವಿಬ್ಬರೂ ಏನೋ ಕನ್ನಡದಲ್ಲಿ ಅಂದುಕೊಂಡದ್ದು ಕಿವಿಗೆ ಬಿದ್ದು ಅವಳು ಮುಖವರಳಿಸಿ ಎದ್ದಳು.

‘ನಮ್ ಕಡೆಯೋರಾ? ಕೆಲ್ಸುಕ್ ಬಂದ್ರಾ? ಬನ್ನಿ ಬನ್ನಿ, ನೆಳ್ಳಿಗ್ ಬನ್ನಿ. ಉಂಡ್ಬುಟ್ಟು ಮಾತಾಡುವಿರಂತೆ.’

ಪಿರಿಯಾಪಟ್ಟಣದ ಕಡೆಯವಳಂತೆ, ಹೆಸರು ರತ್ನ. ನಾವು ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ. ಅವಳು ಆಗಲೇ ತಟ್ಟೆ ತೊಳೆದಿದ್ದಳು. ನಮ್ಮ ಕಡೆ ಯಾರದೇ ಬಾಗಿಲಿಗೆ ಊಟದ ಹೊತ್ತಿಗೆ ಹೋದರೆ ಯಾರು, ಯಾಕೆ ಎಂದು ಕೇಳುವುದು ಆಮೇಲೆ. ಬಡಿಸಿದ ಮೇಲೆ ಎದ್ದುಹೋಗುವುದು ಬಯ್ಗುಳಕ್ಕಿಂತ ಕಡೆ. ಇಲಾಖೆಯಲ್ಲಿ ಎಷ್ಟು ವರ್ಷ ಸವೆಸಿದರೂ ಇದನ್ನು ಮೀರುವುದು ನನಗೆ ಬಂದಿಲ್ಲ. ಹುರುಳಿಕಾಳಿನ ಬಸ್ಸಾರಿನ ಹಬೆ ಮೂಗಿಗೆ ಬಂದ ಮೇಲಂತೂ ಕಾಲು ತಾನಾಗಿ ಮಡಿಸಿಕೊಂಡಿತು. ರಾಗಿ ಊರಿಂದ ಶುಂಠಿ ಲಾರಿಯಲ್ಲೇ ಬರುತ್ತದೆ, ಇಲ್ಲಿಯ ರೊಟ್ಟಿ ತಿಂದರೆ ಇವರಿಗೆ ಹೊಟ್ಟೆ ತುಂಬುವುದಿಲ್ಲ ಎಂದು ರತ್ನ ಹೇಳುತ್ತಿದ್ದಳು. ‘ಇವರು’ ಯಾರೆಂದು ನಾನು ಕೇಳುವ ಮೊದಲೇ ಸವಿತಳ ಕಡೆ ನೋಡಿದೆ. ಅವಳು ಹಗ್ಗದ ಮೇಲೆ ಒಣಗುತ್ತಿದ್ದ ಅಂಗಿ ನೋಡಿದಳು. ಆಮೇಲೆ ಆ ಕೂಸನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ನಾನು ಸಿಂಚನಳನ್ನು ಆಮೇಲೆ ಕಂಡೆ. ಅದೇ ಹಣೆ, ಅದೇ ಕೂಡಿಕೊಂಡ ಹುಬ್ಬು.

‘ಮಕ್ಳೆಷ್ಟಕ್ಕ?’ ರತ್ನ ಸಾರು ಬಿಡುತ್ತ ಸವಿತಳನ್ನು ಕೇಳಿದಳು.

‘ಒಬ್ಳು ಮಗ್ಳು.’

‘ನಿಮ್ಮೋರು ಏನ್ ಮಾಡ್ಕಂಡವ್ರೆ?’

‘ಶುಂಠಿ ಕೆಲ್ಸ’ ಎಂದು ಸವಿತ ಮುದ್ದೆ ಮುರಿದಳು.

ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟೆ. ಅವಳು ಮಾತ್ರ ತಲೆ ಬಗ್ಗಿಸಿ, ಗಡಿಬಿಡಿಯಿಲ್ಲದೆ, ದುಡಿದು ಬಂದ ಹೆಂಗಸು ಉಣ್ಣುವ ಹಾಗೆ ಉಂಡಳು. ಇನ್ನೊಂದು ಮುದ್ದೆ ಹಾಕಲೇ ಎಂದು ರತ್ನ ಕೇಳಿದಾಗ ತಟ್ಟೆ ಮುಂದೆ ಚಾಚಿದಳು. ಅದನ್ನು ಉಣ್ಣುತ್ತಿರುವಾಗಲೇ ಹೊಲದ ಕಡೆಯಿಂದ ಮಣ್ಣು ಮೆತ್ತಿದ ಕಾಲಿನ ಒಬ್ಬ ಗಂಡಸು ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತ ಬಂದು, ಒಲೆಯಿಂದ ನಾಲ್ಕು ಮಾರು ದೂರದಲ್ಲಿ ನಿಂತುಬಿಟ್ಟ. ರತ್ನ, ಊರ ಕಡೆಯವರು ಬಂದಿದ್ದಾರೆ, ಕೈ ತೊಳೆದುಕೊಂಡು ಬನ್ನಿ ಎಂದಳು. ಅವನು ಓಡುತ್ತಾನೆ ಎಂದುಕೊಂಡು ನಾನು ಎಡಗೈಯಲ್ಲಿ ಫೋನ್ ಒತ್ತಿದೆ. ಅವನು ಓಡಲಿಲ್ಲ. ಓಡುವುದು ನೆನಪಾಗಲಿಲ್ಲವೇನೋ.

ಸವಿತ ತಟ್ಟೆಯಲ್ಲಿದ್ದದ್ದನ್ನು ಮುಗಿಸಿದಳು. ಎದ್ದು ಡ್ರಮ್ಮಿನ ಹತ್ತಿರ ಹೋಗಿ ತಟ್ಟೆಯನ್ನೂ ಕೈಯನ್ನೂ ತೊಳೆದಳು. ಸೆರಗಿಗೆ ಕೈ ಒರೆಸಿಕೊಂಡು ಬಂದು ನನಗೆ ಹೇಳಿದಳು: ‘ಇವ್ರೇ ಮೇಡಂ.’

ಅಷ್ಟರಲ್ಲಿ ರಂಗಸ್ವಾಮಿಯವರೂ ಆ ಊರಿನ ಪೊಲೀಸಿನವರೂ ಬಂದರು. ಪೊಲೀಸಿನವರು ಇವನ ಹೆಸರೇನೆಂದು ಸವಿತಳನ್ನೇ ಕೇಳಿದರು, ಅವಳ ಬಾಯಿಂದಲೇ ಬರಬೇಕೆಂದು. ಅವಳು ತಲೆ ತಗ್ಗಿಸಿ ನಿಂತಳು. ನಮ್ಮ ಕಡೆ ಇನ್ನೂ ಎಷ್ಟೋ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಇಷ್ಟು ದೂರ ಬಂದು, ಇವರೇ ಎಂದು ತೋರಿಸಿ, ಹೆಸರು ಮಾತ್ರ ಅವಳ ನಾಲಿಗೆಗೆ ಬರುತ್ತಿಲ್ಲ. ರಂಗಸ್ವಾಮಿಯವರು ತಲೆ ಚಚ್ಚಿಕೊಂಡರು. ‘ಇಡ್ಕಂಡೋಗಕ್ ಬಂದು ಎಸ್ರೇಳಲ್ಲ ಅಂತೀಯಲ್ಲ ತಾಯಿ, ಇವ್ನಿಗೇನು ಈಗ ಆರತಿ ಎತ್ತಬೇಕಾ ನಾವು?’

ಹೆಸರು ಹೇಳಿದವಳು ರತ್ನ. ಏನೋ ತಪ್ಪಾಗಿದೆ, ಬೇರೆ ಯಾರನ್ನೋ ಹುಡುಕುತ್ತಿದ್ದಾರೆ ಎಂದು ಅವಳಿಗೆ. ಯೋಗೇಶ ಅಂತ ಸಾ, ಯೋಗೇಶ, ಒಳ್ಳೇವ್ರು ಎಂದಳು. ನಾನು ಅವಳನ್ನು ಪಕ್ಕಕ್ಕೆ ಕೂರಿಸಿ ಎಲ್ಲ ಹೇಳಿದೆ. ಹೆಂಡತಿ ಸತ್ತುಹೋಗಿದ್ದಾಳೆ ಎಂದು ಅವನು ಅವಳಿಗೆ ಹೇಳಿದ್ದನಂತೆ. ಅವಳು ಅಳಲಿಲ್ಲ. ಕೂಸನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡು ಸವಿತಳ ಮುಂದೆ ಹೋಗಿ ನಿಂತಳು.

‘ಇನ್ನೊಂದ್ ಮುದ್ದೆ ಆಕ್ಲಾ ಅಂತ ಕೇಳ್ದಾಗ್ಲಾದ್ರೂ ಯೋಳ್ಬೋದಿತ್ತಲ್ಲಕ್ಕ.’

‘ನಂಗೂ ಅಸ್ದಿತ್ತು ಕಣವ್ವ’ ಎಂದಳು ಸವಿತ.

ಆ ದಿನ ಉಳಿದದ್ದೆಲ್ಲ ಕಾಯುವುದೇ ಆಯಿತು. ಅಲ್ಲಿನ ಕೋರ್ಟಿನ ಜಗುಲಿಯಲ್ಲಿ ಕೂತಿದ್ದಾಗ ರತ್ನ ಸಾಹುಕಾರರ ಪಿಕಪ್ಪಿನಲ್ಲಿ ಬಂದಳು. ಅವನ ಬಟ್ಟೆ, ಗ್ಯಾಸ್ಟ್ರಿಕ್ ಮಾತ್ರೆ ಒಂದು ಕವರಿನಲ್ಲಿ ತಂದಿದ್ದಳು. ಅದನ್ನು ಅವನ ಕೈಗೆ ಕೊಡಲಿಲ್ಲ, ನನ್ನ ಕೈಗೆ ಕೊಟ್ಟಳು. ನನ್ನ ಫೋನ್ ನಂಬರನ್ನೂ ಸವಿತಳ ನಂಬರನ್ನೂ ಬರೆಸಿಕೊಂಡಳು. ಅಪ್ಪಣೆ ಸಿಕ್ಕಿ ರೈಲು ಹತ್ತಿದ್ದು ಮಾರನೇ ದಿನ.

ವಾಪಸ್ ಬರುವ ರೈಲಿನಲ್ಲಿ ಒಂದೇ ಬೋಗಿಯಲ್ಲಿ ಎದುರುಬದುರು ಕೂತಿದ್ದೆವು. ರಂಗಸ್ವಾಮಿಯವರ ಕೈಗೆ ಅವನ ಕೈ ಕಟ್ಟಿದ್ದರ ಮೇಲೆ ಟವೆಲ್ ಹೊದೆಸಿದ್ದೆವು. ನೋಡಿದವರಿಗೆ ನಾಲ್ವರೂ ಯಾವುದೋ ಸಾವಿನ ಮನೆಗೆ ಹೋಗಿಬರುತ್ತಿರುವ ನೆಂಟರ ಹಾಗೆ ಕಾಣುತ್ತಿದ್ದಿರಬೇಕು. ಬೆಳಗಾವಿ ದಾಟುವವರೆಗೂ ಅವನು ಕಿಟಕಿಯನ್ನೇ ನೋಡುತ್ತಿದ್ದ. ರಾಕ್ಷಸನ ಮುಖವೇನಲ್ಲ. ಕೆನ್ನೆ ಒಳಗೆ ಹೋದ, ನಿದ್ದೆಗೆಟ್ಟ, ಸಾಮಾನ್ಯ ಮುಖ. ಆಮೇಲೆ ಮಗಳು ಎಷ್ಟನೇ ಕ್ಲಾಸು ಎಂದು ಕೇಳಿದ. ಐದು ಎಂದಳು ಸವಿತ.

‘ನನ್ ಗ್ಯಾನ ಮಾಡ್ತಾಳಾ?’

‘ಮದ್ಲು ಮಾಡೋಳು.’

ಇಡೀ ದಾರಿಯಲ್ಲಿ ಅವರಿಬ್ಬರ ನಡುವೆ ಆದ ಮಾತು ಅಷ್ಟೇ. ಕಡಲೆಕಾಯಿ ಮಾರುವವನು ಬಂದಾಗ ರಂಗಸ್ವಾಮಿಯವರು ಎಲ್ಲರಿಗೂ ಕೊಡಿಸಿದರು. ಕಟ್ಟಿದ ಕೈಯಲ್ಲಿ ಅವನಿಗೆ ಸಿಪ್ಪೆ ಬಿಡಿಸಲಾಗುತ್ತಿರಲಿಲ್ಲ. ನಾನು ಬಿಡಿಸಿಕೊಟ್ಟೆ. ಸವಿತ ಅದನ್ನು ನೋಡಿ ಮುಖ ತಿರುಗಿಸಿದಳು. ನನ್ನ ಮೇಲೆ ಕೋಪವೋ, ತಾನೇ ಬಿಡಿಸಿಕೊಡಬೇಕಾಗಿ ಬರಲಿಲ್ಲವೆಂಬ ನಿರಾಳವೋ ತಿಳಿಯಲಿಲ್ಲ.

ಹೊಳೆನರಸೀಪುರದ ಕೋರ್ಟಿನಲ್ಲಿ ಅವನು ಕೈ ಮುಗಿದು, ತನ್ನ ಹತ್ತಿರ ಏನೂ ಇಲ್ಲ, ಜೈಲಿಗೆ ಬೇಕಾದರೆ ಹಾಕಿ ಎಂದ. ಇದನ್ನು ನಾನು ಬಹಳ ಸಲ ಕೇಳಿದ್ದೇನೆ. ಒಳಗೆ ಹೋಗಿಬಂದರೆ ಬಾಕಿಯೆಲ್ಲ ತೊಳೆದುಹೋಯಿತೆಂದು ಗಂಡಸರಿಗೆ ಯಾರೋ ಹೇಳಿಕೊಟ್ಟಿರುತ್ತಾರೆ. ಹಾಗೇನೂ ಇಲ್ಲ. ಆದರೆ ಒಳಗಿದ್ದಷ್ಟು ದಿನ ದುಡಿಮೆಯೂ ಇಲ್ಲ, ಅದು ಮಾತ್ರ ನಿಜ. ನ್ಯಾಯಾಧೀಶರು ಸವಿತಳನ್ನು ಕರೆದು, ನೀನು ಏನು ಹೇಳುತ್ತೀಯಮ್ಮ ಎಂದರು. ಅವಳು ಕಟಕಟೆಯ ಮರದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ರಜೆ ಮುಗಿದ ನಾಲ್ಕನೇ ದಿನದ ಬೆಳಿಗ್ಗೆ ಅದು. ಮಧ್ಯಾಹ್ನದೊಳಗೆ ಹಿರೀಸಾವೆ ಮುಟ್ಟಬೇಕಿತ್ತು.

‘ಒಳಗಾಕುದ್ರೆ ಮಗೀಗೇನ್ ಬಂತು ಸಾ? ಬುಟ್ಬುಡಿ, ಓಗಿ ದುಡೀಲಿ. ಕೊಡಂಗೆ ಮಾಡಿ ಅಷ್ಟೇಯ.’

ಸಾಹುಕಾರರು ಒಂದು ಕಂತು ಕಳಿಸಿದರು. ಉಳಿದದ್ದನ್ನು ತಿಂಗಳು ತಿಂಗಳು ಕಟ್ಟುತ್ತೇನೆಂದು ಅವನು ಒಪ್ಪಿ ಸಹಿ ಹಾಕಿದ. ಅವನ ಅಣ್ಣ ಜಾಮೀನು ನಿಂತ. ತಮ್ಮ ಬದುಕಿದ್ದಾನೋ ಇಲ್ಲವೋ ಗೊತ್ತಿಲ್ಲ ಎಂದಿದ್ದನಲ್ಲ, ಅವನೇ. ನಾವು ಅಷ್ಟು ಒದ್ದಾಡಿ ಕರೆತಂದ ಮನುಷ್ಯ ಎರಡು ದಿನದಲ್ಲಿ ಅದೇ ದಾರಿಯಲ್ಲಿ ವಾಪಸ್ ಹೋದ. ರಂಗಸ್ವಾಮಿಯವರು ಕೋರ್ಟಿನ ಹೊರಗೆ ಸಕ್ಕರೆಯಿಲ್ಲದ ಕಾಫಿ ಕುಡಿಯುತ್ತ, ನಮ್ಮದು ಪೋಸ್ಟ್‌ಮ್ಯಾನ್ ಕೆಲಸ ಆಯಿತಲ್ಲ ಮೇಡಂ, ತಂದು ತೋರಿಸಿ ಕಳಿಸೋದು ಎಂದರು. ನಾನು ನಗಲಿಲ್ಲ. ಮನೆಗೆ ಹೋಗಿ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತಿದ್ದವಳು ಹಾಗೇ ನಿದ್ದೆ ಹೋಗಿದ್ದೆನಂತೆ. ಅತ್ತೆ ಎಬ್ಬಿಸಿದರು.

ಸವಿತ ರೂಮು ಮಾಡಿದಳು. ಹಿರೀಸಾವೆಯಲ್ಲೇ, ಹೋಟೆಲಿಗೆ ನಡೆದುಹೋಗುವಷ್ಟು ಹತ್ತಿರ. ಯುಗಾದಿ ಕಳೆದು, ಸ್ಕೂಲಿಗೆ ರಜೆ ಬಿಟ್ಟ ಮೇಲೆ ಮಗಳನ್ನು ಕರೆದುಕೊಂಡು ಬಂದಳು. ಅತ್ತಿಗೆ ಸೇರಿನಲ್ಲಿ ರಾಗಿ ಅಳೆದು ಕೊಟ್ಟು, ಹುಡುಗಿಗೆ ಹೂ ಮುಡಿಸಿ ಕಳಿಸಿದಳಂತೆ. ಮೇ ತಿಂಗಳಲ್ಲಿ ಆ ಕಡೆ ಯಾವುದೋ ಬಂದೋಬಸ್ತ್ ಡ್ಯೂಟಿ ಬಿದ್ದಾಗ ನಾನು ಹೋಗಿ ನೋಡಿದೆ. ಒಂದೇ ಕೋಣೆ, ಶೀಟಿನ ಸೂರು, ಬಾಗಿಲ ಹಿಂದೆಯೇ ಬಚ್ಚಲು. ಸಿಂಚನ ಗೋಡೆಗೆ ಆನಿಸಿ ಪುಸ್ತಕ ಜೋಡಿಸಿದ್ದಳು. ನನಗೆ ಟೀ ಮಾಡಿಕೊಟ್ಟವಳು ಅವಳೇ. ಸಕ್ಕರೆ ಡಬ್ಬಿ ಎಲ್ಲಿದೆಯೆಂದು ಅಮ್ಮನನ್ನು ಕೇಳಲಿಲ್ಲ. ತನ್ನ ಮನೆಯೆಂದು ಗೊತ್ತಿರುವವಳ ಹಾಗೆ ಕೈ ಚಾಚಿ ತೆಗೆದುಕೊಂಡಳು. ಸವಿತ ಅದನ್ನು ನಾನು ಗಮನಿಸಿದೆನೇ ಎಂದು ನನ್ನ ಮುಖ ನೋಡುತ್ತಿದ್ದಳು.

ಮಳೆಗಾಲ ಹಿಡಿಯಿತು. ಆ ವರ್ಷ ಅರಕಲಗೂಡು ಕಡೆ ಮಳೆ ಬಿಡಲೇ ಇಲ್ಲ. ಠಾಣೆಯ ಸೂರು ಸೋರಿ, ವಾರಂಟುಗಳ ಬೀರುವಿಗೆ ಪ್ಲಾಸ್ಟಿಕ್ ಹೊದೆಸಿದ್ದೆವು. ಹೊಗೆಸೊಪ್ಪಿನ ಗಿಡ ನೀರಲ್ಲಿ ನಿಂತು ಕೊಳೆಯಿತೆಂದು ರೈತರು ತಾಲ್ಲೂಕು ಆಫೀಸಿನ ಮುಂದೆ ಕೂತಿದ್ದರು. ಒಂದು ದಿನ ಮಳೆಗೆ ಸ್ಕೂಲುಗಳಿಗೆ ರಜೆ ಕೊಟ್ಟಿದ್ದಾಗ ಸವಿತ ಮಗಳ ಸಮೇತ ಬಂದಳು. ಒಂದೇ ಕೊಡೆಯಡಿ ಬಂದಿದ್ದರು. ಹುಡುಗಿ ಒಣಗಿದ್ದಳು, ಇವಳು ಅರ್ಧ ತೊಯ್ದಿದ್ದಳು. ಅವಳು ಹೇಳದೆಯೇ ನನಗೆ ಗೊತ್ತಾಯಿತು. ಮೂರು ತಿಂಗಳು ದುಡ್ಡು ಬಂತಂತೆ, ಆಮೇಲೆ ಇಲ್ಲ. ಫೋನ್ ಸ್ವಿಚ್ಡ್ ಆಫ್. ರೂಮಿನ ಬಾಡಿಗೆ ಏನು ಮಾಡಿದೆ ಎಂದು ಕೇಳಿದೆ. ಬೆಳಗಿನ ಜಾವ ಇನ್ನೊಂದು ಹೋಟೆಲಿನಲ್ಲಿ ಇಡ್ಲಿಗೆ ರುಬ್ಬಿಕೊಟ್ಟು ಆಮೇಲೆ ತನ್ನ ಹೋಟೆಲಿಗೆ ಹೋಗುತ್ತಿದ್ದಾಳಂತೆ. ಕಣ್ಣಿನ ಸುತ್ತ ಕಪ್ಪಾಗಿತ್ತು. ರೂಮು ಮಾತ್ರ ಬಿಡುವುದಿಲ್ಲ ಎಂದಳು.

ಕೋರ್ಟಿನಿಂದ ಹೊಸ ವಾರಂಟ್ ಬಂದಾಗಿತ್ತು, ಬೀರುವಿನಲ್ಲೇ ಇತ್ತು. ಮತ್ತೆ ಹಾಸನ, ಮತ್ತೆ ಅಪ್ಪಣೆ, ಮತ್ತೆ ರೈಲು. ನೆನೆದೇ ನನಗೆ ಸುಸ್ತಾಯಿತು. ಆದರೂ ಹೇಳಬೇಕಾದ್ದನ್ನು ಹೇಳಿದೆ: ಸಾತಾರಕ್ಕೆ ಇನ್ನೊಂದು ಸಲ ಹೋಗೋಣ, ನೀನು ಬಂದು ಗುರುತು ತೋರಿಸಬೇಕಾಗುತ್ತದೆ.

ಅವನು ಈಗ ಅಲ್ಲಿಲ್ಲ ಎಂದಳು ಸವಿತ. ರತ್ನ ಫೋನ್ ಮಾಡಿದ್ದಳಂತೆ. ಕಿತ್ತ ಶುಂಠಿಯೆಲ್ಲ ಲಾರಿ ಹತ್ತಿದ ಮೇಲೆ, ಹೊಸ ಹೊಲ ನೋಡಿಕೊಂಡು ಬರುತ್ತೇನೆಂದು ಹೋದವನು ತೆಲಂಗಾಣದ ಕಡೆ ಎಲ್ಲೋ ಇದ್ದಾನಂತೆ, ಅವಳಿಗೂ ಏನೂ ಕಳಿಸಿಲ್ಲ. ಅವಳೀಗ ಕೂಸು ಕಟ್ಟಿಕೊಂಡು ಪಿರಿಯಾಪಟ್ಟಣದ ತವರಿಗೆ ಬಂದಿದ್ದಾಳೆ. ಅವರಿಬ್ಬರೂ ವಾರಕ್ಕೊಂದು ಸಲ ಫೋನಿನಲ್ಲಿ ಮಾತಾಡುತ್ತಾರೆ ಎಂದು ನನಗೆ ಗೊತ್ತಾದದ್ದು ಆಗ. ಏನು ಮಾತಾಡುತ್ತೀರಿ ಎಂದೆ. ಏನಿಲ್ಲ, ಮಕ್ಕಳು ಉಂಡವಾ ಅಂತ ಎಂದಳು.

ಹಾಗಾದರೆ ತೆಲಂಗಾಣಕ್ಕೇ ಹೋಗಬೇಕು, ನೀನು ರಜೆ ಕೇಳಿಕೋ ಎಂದೆ. ಸವಿತ ತಲೆಯಾಡಿಸಿದಳು. ಬೆಂಚಿನ ಮೇಲೆ ಕೂತು, ಕಾಲು ಆಡಿಸುತ್ತ, ಗೋಡೆಯ ಮೇಲಿನ ಬೋರ್ಡು ಓದುತ್ತಿದ್ದ ಮಗಳ ಕಡೆ ನೋಡಿದಳು.

‘ನಾನ್ ಬರಕಾಗಕಿಲ್ಲ ಮೇಡಂ. ಇವಳನ್ನ ಯಾರತ್ರ ಬುಡ್ಲಿ? ಇನ್ನೊಂದ್ ಸಲ ಅತ್ತಿಗೆ ಮನೇಲ್ ಬುಟ್ರೆ ಇವ್ಳು ನನ್ ನಂಬಕಿಲ್ಲ. ರತ್ನುನ್ನ ಕೇಳಿವ್ನಿ, ಅವಳು ಬತ್ತೀನಿ ಅಂದವ್ಳೆ. ಅವಳ್ನೇ ಕರ್ಕಂಡೋಗಿ. ಅವ್ರ ಈಗಿನ್ ಮುಖ ನನಗಿಂತ ಅವಳಿಗೇ ಚೆನ್ನಾಗ್ ಗೊತ್ತು.’